ಎಡಗಡೆಯ ಟೈರಿನ ಗೆರೆ

ಸೈಕಲ್ ತುಳಿಯಲೂ ಬಾರದ ನಾನು ಟೈರಿನ ವಿಷಯದಲ್ಲಿ ಬಾಯಿ ಹಾಕಬಾರದಿತ್ತು. ಆದರೆ ಸೇಡಂ ರಸ್ತೆಯ ಟೈರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಕೈಗೊಂದು ಕಪ್ ಚಹಾ ಕೊಟ್ಟು, ನನ್ನೆದುರಿಗೇ ಅಷ್ಟು ಹೊತ್ತು ವಾದ ಮಾಡಿದರೆ ಎಂಥವರಿಗಾದರೂ ನಾಲಿಗೆ ತುರಿಸುತ್ತದೆ. ನನ್ನ ಮೊಮ್ಮಗಳಿಗೆ ಚಿಂಚೋಳಿ ಕಡೆಯ ಗುಡ್ಡಗಳಲ್ಲಿ ತಿರುಗುವ ಕೆಲಸ. ತನ್ನ ಹಳೆಯ ಜೀಪಿಗೆ ದಪ್ಪ ದಪ್ಪ ಗಡ್ಡೆಗಳಿರುವ ಟೈರು ಹಾಕಿಸಿಕೊಂಡಿದ್ದಾಳೆ. ಈಗ ಆ ಗಡ್ಡೆಗಳ ಮೇಲೆ ಕೂದಲೆಳೆಯಂಥ ಸೀಳುಗಳನ್ನು ಕೊಯ್ಯಿಸಬೇಕಂತೆ. ಹಾಗೆ ಕೊಯ್ಯಿಸಿದರೆ ಒದ್ದೆ ಬಂಡೆಯ ಮೇಲೆ ಗಾಡಿ ಜಾರುವುದಿಲ್ಲವಂತೆ. ಅದಕ್ಕೆ ಸೈಪಿಂಗ್ ಎಂದು ಹೆಸರಂತೆ.

“ಬ್ಯಾಡ್ರೀ ಮೇಡಂ” ಎಂದ ಅಂಗಡಿಯವನು. “ಒಮ್ಮಿ ಕೊಯ್ದ್ರ ಕಂಪನಿಯವರು ಕೈ ಎತ್ತತಾರ. ಖಡೀ ಕಲ್ಲಿನ ರೋಡಿನಾಗ ಗಡ್ಡಿ ಕಿತ್ತು ಬೀಳ್ತಾವ. ಆಮ್ಯಾಲ ನನಗ ಬೈತೀರಿ.”

“ಮಳಿಯಾಗ ಗುಡ್ಡ ಇಳಿಯೋಳು ನಾನ್ರೀ, ನೀವಲ್ಲ” ಎಂದಳು ಇವಳು.

“ಹಾಕಸವಾ, ಆದ್ರ ಒಂದs ಬಾಜೂಕ ಹಾಕಸು” ಎಂದೆ ನಾನು.

ಇಬ್ಬರೂ ನನ್ನ ಕಡೆ ತಿರುಗಿದರು. ಅಂಗಡಿಯವನು ನನಗೆ ಇನ್ನೊಂದು ಚಹಾ ತರಿಸಿದ. ಈ ವಯಸ್ಸಿನಲ್ಲಿ ಜನ ನಮ್ಮ ಮಾತಿಗೆ ಉತ್ತರ ಕೊಡುವುದಕ್ಕಿಂತ ಚಹಾ ಕೊಡುವುದೇ ಹೆಚ್ಚು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಚಹಾ ಚೆನ್ನಾಗಿತ್ತು. ಆದರೆ ಒಂದೇ ಬಾಜೂಕ, ಅಂದರೆ ಒಂದೇ ಬದಿಗೆ, ಎಂದು ಯಾಕೆ ಅಂದೆ ಎಂಬುದನ್ನು ಅವರು ಕೇಳಲಿಲ್ಲವಲ್ಲ, ಅದನ್ನು ನಿಮಗಾದರೂ ಹೇಳುತ್ತೇನೆ.

ಎರಡನೆಯ ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದ ಗಾಡಿಗಳನ್ನು ಹರಾಜು ಹಾಕುತ್ತಿದ್ದರು. ಅಂಥದೊಂದು ಲಾರಿಯನ್ನು ನಮ್ಮ ಅಪ್ಪ ಮತ್ತು ಮಹಬೂಬ ಚಾಚಾ ಕೂಡಿ ಕೊಂಡರು. ಅಪ್ಪನ ಹೆಸರು ಶರಣಪ್ಪ. ಕಲಬುರಗಿಯ ಬ್ರಹ್ಮಪುರದ ವ್ಯಾಪಾರದ ಮನೆತನ. ಚಾಚಾ ಅದೇ ಊರಿನ ಶಹಾಬಜಾರದವರು, ಉದ್ದ ಗಡ್ಡದವರು. ಅಪ್ಪನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಆದರೆ ಗಾಡಿಯ ಬಗ್ಗೆ ಮಾತಾಡಲು ಬೇಕಾದಷ್ಟು ಬರುತ್ತಿತ್ತು. ಆ ಗುಣವೊಂದೇ ನನಗೆ ಅಪ್ಪನಿಂದ ಬಂದದ್ದು. ಚಾಚಾ ಲಾರಿ ನಡೆಸುತ್ತಿದ್ದರು, ಅಪ್ಪ ಪಕ್ಕದಲ್ಲಿ ಕೂತು ಹೇಗೆ ನಡೆಸಬೇಕೆಂದು ಹೇಳುತ್ತಿದ್ದರು.

ಲಾರಿಯ ಕೆಲಸವೆಂದರೆ ಕಮಲಾಪುರದ ತೋಟಗಳಿಂದ ಕೆಂಬಾಳೆ ತುಂಬಿಕೊಂಡು ಕಲಬುರಗಿಯ ಬಜಾರಕ್ಕೆ ತರುವುದು, ಹೋಗುವಾಗ ಉಪ್ಪು, ಸೀಮೆಎಣ್ಣೆ, ಬಟ್ಟೆ ಒಯ್ಯುವುದು. ಕಮಲಾಪುರದ ಬಾಳೆಹಣ್ಣು ನೀವು ತಿಂದಿರಬೇಕು. ಸಿಪ್ಪೆಯ ಬಣ್ಣ ಅಲ್ಲಿನ ಮಣ್ಣಿನಂತೆಯೇ. ಮಣ್ಣು ಕೆಂಪಾದ್ದರಿಂದ ಹಣ್ಣು ಕೆಂಪು, ಅದನ್ನು ದಿನಾ ತಿಂದರೆ ನಾನೂ ಕೆಂಪಗಾಗುತ್ತೇನೆ ಎಂದು ನಂಬಿಕೊಂಡು ಚಿಕ್ಕವಳಿದ್ದಾಗ ಎಷ್ಟು ತಿಂದೆನೋ ಲೆಕ್ಕವಿಲ್ಲ. ಬಣ್ಣ ಬರಲಿಲ್ಲ, ಮೈ ಮಾತ್ರ ಬಂತು. ಮುಂದೆ ಶಾಲೆಯಲ್ಲಿ ಟೀಚರಾದಾಗ ಮಕ್ಕಳಿಗೂ ಬಹಳ ದಿನ ಹಾಗೇ ಪಾಠ ಮಾಡಿದ್ದೇನೆ; ಹಣ್ಣಿನ ಕೆಂಪು ಮಣ್ಣಿನದಲ್ಲ, ತಳಿಯದು ಎಂದು ತಿಳಿದದ್ದು ಆಮೇಲೆ.

ಆ ಲಾರಿಯ ಟೈರುಗಳು ಮಿಲಿಟರಿಯವೇ. ಗಡ್ಡೆ ಗಡ್ಡೆಯಾಗಿ, ಒಂದೊಂದು ಗಡ್ಡೆ ನನ್ನ ಅಂಗೈಯಷ್ಟು ಇರುತ್ತಿತ್ತು. ಕಲಬುರಗಿ ಬಿಟ್ಟರೆ ಮೊದಲು ಕಪ್ಪು ಎರೆ ನೆಲ. ಮಳೆಯಲ್ಲಿ ಬೇರೆ ಗಾಡಿಗಳು ಹುಗಿದು ಕೂತರೂ ಈ ಗಡ್ಡೆಗಳು ಕೆಸರನ್ನು ಕಚ್ಚಿ ಎದ್ದು ಬರುತ್ತಿದ್ದವು. ಕಮಲಾಪುರ ಹತ್ತಿರವಾದಂತೆ ಮಣ್ಣು ಕೆಂಪಾಗುತ್ತದೆ, ಇಳಿಜಾರು ಬರುತ್ತದೆ, ದಾರಿಯ ಮೇಲೆ ಕೆಂಪು ಕಲ್ಲು ಏಳುತ್ತದೆ. ಆ ಒದ್ದೆ ಕಲ್ಲಿನ ಮೇಲೆ ಅದೇ ಗಡ್ಡೆಗಳು ಎಣ್ಣೆ ಹಚ್ಚಿದಂತೆ ಜಾರುತ್ತಿದ್ದವು.

ಸೀಳು ಹಾಕುವ ವಿಚಾರ ಅಪ್ಪನ ತಲೆಗೆ ಬಂದದ್ದು ಚಪ್ಪಲಿಯಿಂದ. ನಮ್ಮ ಕಡೆ ಆಗ ಮಳೆಗಾಲ ಬಂತೆಂದರೆ ಚಪ್ಪಲಿಯ ಅಟ್ಟೆಗೆ ಅಡ್ಡಡ್ಡ ಸಣ್ಣ ಸೀಳು ಹಾಕಿಸಿಕೊಳ್ಳುತ್ತಿದ್ದರು, ಹಾಸುಗಲ್ಲಿನ ಮೇಲೆ ಕಾಲು ಜಾರದಿರಲೆಂದು. ಒಂದು ದಿನ ಅಪ್ಪ ಅಂಥ ಚಪ್ಪಲಿ ಮೆಟ್ಟಿಕೊಂಡು ಬಂದು, ಪಡಸಾಲೆಯಲ್ಲಿ ಕೂತಿದ್ದ ಚಾಚಾನ ಎದುರಿಗೆ ಅದನ್ನು ಮಗುಚಿಟ್ಟರು.

“ಚಪ್ಪಲಿಗಿ ಆಗೋದು ಲಾರಿಗ್ಯಾಕ ಆಗಬಾರ್ದು ಮಹಬೂಬ?”

“ಚಪ್ಪಲಿ ನಿನ್ನೊಬ್ಬನ್ನ ಹೊರ್ತದ ಶರಣಪ್ಪ. ಲಾರಿ ಎಷ್ಟ್ ಹೊರ್ತದ ನೋಡು” ಎಂದರು ಚಾಚಾ. “ಕೊಯ್ದ ಸಂದ್ಯಾಗ ಮೊರಂ ಹರಳು ಸಿಗ್ತಾವ. ಸಿಕ್ಕು ಒಳಗ ಒಳಗ ಹರೀತಾವ. ಗಡ್ಡಿ ಸಡ್ಲಾಗಿ ಲಗೂನ ಸವೀತದ. ಇಂಥಾ ಟೈರು ಮತ್ತ ಎಲ್ಲಿ ಸಿಗ್ತಾವ? ಎರಿ ಕೆಸರಿನಾಗಂತೂ ಸೀಳು ಕೆಸರು ತುಂಬಿ ಕೂಡ್ತದ, ಅದರದೇನು ಉಪ್ಯೋಗ ಇಲ್ಲ.”

“ಎರ್ಯಾಗ ಬ್ಯಾಡೋ ಮಾರಾಯಾ, ಕಲ್ಲಿನ ಮ್ಯಾಲ. ಸೀಳಿದ್ರ ಗಡ್ಡಿ ಬಾಗ್ತದ, ಬಾಗಿದ್ರ ಕಲ್ಲು ಹಿಡೀತದ.”

“ಕೊಯ್ದ ರಬ್ಬರು ಮತ್ತ ಕೂಡಂಗಿಲ್ಲ.”

ಇಬ್ಬರೂ ಹೇಳಿದ್ದು ನಿಜವೇ. ಈಗಿನ ಅಂಗಡಿಯವನೂ ಮೊಮ್ಮಗಳೂ ಅದನ್ನೇ ಹೇಳುತ್ತಿದ್ದರು, ಹೊಸದೇನೂ ಇರಲಿಲ್ಲ. ಆದರೆ ಇವರ ವಾದ ಮುಗಿದ ರೀತಿ ಬೇರೆ. ಪಾಲಿನ ಲಾರಿಯಲ್ಲವೇ? ಮೊದಲಿನಿಂದಲೂ ಅವರು ಅದನ್ನು ನಡುವೆ ಗೆರೆ ಎಳೆದಂತೆ ಹಂಚಿಕೊಂಡಿದ್ದರು. ಚಾಚಾ ಕೂರುವ ಬಲಗಡೆ ಚಾಚಾನದು, ಅಪ್ಪ ಕೂರುವ ಎಡಗಡೆ ಅಪ್ಪನದು. ಎಡಗಡೆ ಪಂಕ್ಚರಾದರೆ ಅಪ್ಪ ನೋಡಿಕೊಳ್ಳಬೇಕು, ಬಲಗಡೆಯ ದೀಪ ಹೋದರೆ ಚಾಚಾ. ಎಂಜಿನ್ನು ಮತ್ತು ಹಾರನ್ನು ಇಬ್ಬರದೂ. ಅಣ್ಣತಮ್ಮಂದಿರು ಮನೆ ಹಿಸ್ಸೆ ಮಾಡಿಕೊಂಡು ನಡುವೆ ಗೋಡೆ ಕಟ್ಟುವುದನ್ನು ಕಂಡವರು. ಲಾರಿಗೂ ಹಾಗೇ ಮಾಡಿದರೆ ಜಗಳವಿರುವುದಿಲ್ಲ ಎಂದುಕೊಂಡಿದ್ದರು.

“ಎಡಗಡಿ ನಂದು. ನಂದು ನಾ ಕೊಯ್ಕೋತೀನಿ” ಎಂದರು ಅಪ್ಪ.

“ಕೊಯ್ಕೋ. ಬಲಗಡಿಗಿ ಮಾತ್ರ ಬರಬ್ಯಾಡ” ಎಂದರು ಚಾಚಾ.

ಹೀಗೆ ಇಬ್ಬರ ಮಾತೂ ಉಳಿಯಿತು. ಅಪ್ಪ ಚರ್ಮ ಕೊಯ್ಯುವ ರಂಪಿಗೆಯನ್ನು ತಂದು, ಒಲೆಯ ಕೆಂಡದಲ್ಲಿ ಕಾಯಿಸಿ, ಟೈರಿಗೆ ಸಾಬೂನಿನ ನೀರು ಸವರಿ, ಎಡಗಡೆಯ ಗಾಲಿಗಳ ಒಂದೊಂದೇ ಗಡ್ಡೆಯ ಮೇಲೆ ಗೆರೆ ಕೊಯ್ದರು. ಬ್ರಹ್ಮಪುರದ ನಮ್ಮ ಓಣಿಯೆಲ್ಲ ಸುಟ್ಟ ರಬ್ಬರಿನ ವಾಸನೆ ಹಿಡಿಯಿತು. ಅವ್ವ ಮೂಗಿಗೆ ಸೆರಗು ಹಚ್ಚಿಕೊಂಡೇ ರೊಟ್ಟಿ ಬಡಿದಳು. ಅಪ್ಪನ ಕೈ ಸ್ವಲ್ಪ ಧಾರಾಳ. ತುಪ್ಪ ಬಡಿಸುವಾಗ ಹೇಗೋ ಸೀಳು ಹಾಕುವಾಗಲೂ ಹಾಗೇ, ಬೇಕಾದ್ದಕ್ಕಿಂತ ಒಂದಿಷ್ಟು ಆಳಕ್ಕೇ ಹೋದರು.

ಮುಂದಾದದ್ದನ್ನು ನೀವು ಊಹಿಸಬಹುದು. ಮೊದಲ ಮಳೆಯಲ್ಲೇ ಕಮಲಾಪುರದ ಇಳಿಜಾರಿನಲ್ಲಿ ಚಾಚಾ ಬ್ರೇಕ್ ಒತ್ತಿದರು. ಎಡಗಡೆ ಕಲ್ಲನ್ನು ಹಿಡಿಯಿತು, ಬಲಗಡೆ ಜಾರಿತು, ಲಾರಿ ತಿರುಗಿ ದಾರಿಗೆ ಅಡ್ಡವಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅಪ್ಪ ಕೆಳಗಿಳಿದು, “ನಿನ್ನ ಬಾಜೂ ಜಾರ್ತು” ಎಂದರು. ಚಾಚಾ ಕೆಳಗಿಳಿದು, “ನಿನ್ನ ಬಾಜೂ ಹಿಡೀತು, ಅದಕ್ಕs ತಿರುಗ್ತು” ಎಂದರು. ಸರಿಯಾದ ಬುದ್ಧಿಯವರಾಗಿದ್ದರೆ ಅವತ್ತೇ ಎರಡೂ ಕಡೆ ಒಂದೇ ತರ ಮಾಡುತ್ತಿದ್ದರು. ಇವರು ಮಾಡಲಿಲ್ಲ. ಅಪ್ಪ ಕೊಯ್ದದ್ದನ್ನು ಕೂಡಿಸುವಂತಿರಲಿಲ್ಲ, ಚಾಚಾ ಕೊಯ್ಯಲು ಕೊಡುವವರಲ್ಲ. ಸ್ಟಿಯರಿಂಗನ್ನು ಸದಾ ಬಲಕ್ಕೆ ಎಳೆದು ಹಿಡಿದು ಚಾಚಾನ ಒಂದು ಭುಜವೇ ಇಳಿದಂತಾಯಿತು, ಹಟ ಮಾತ್ರ ಇಳಿಯಲಿಲ್ಲ. ಆ ಹಟಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಆಮೇಲೆ ಆ ದಿನಗಳು ಬಂದವು. ನಿಜಾಮರ ಕಾಲದ ಕೊನೆ, ಅವರ ಪರವಾಗಿ ಆಯುಧ ಹಿಡಿದ ಗುಂಪುಗಳು ಹಿಂದೂಗಳ ಮನೆಗಳ ಮೇಲೆ ಬೀಳುತ್ತಿದ್ದ ಕಾಲ. ಊರಲ್ಲಿ ಯಾರನ್ನು ನೋಡಿದರೂ ಮಾತು ಸಣ್ಣ ಮಾಡುತ್ತಿದ್ದರು, ಬಾಗಿಲುಗಳು ಹೊತ್ತು ಮುಳುಗುವ ಮೊದಲೇ ಮುಚ್ಚುತ್ತಿದ್ದವು. ಅಪ್ಪ ಮತ್ತು ಚಾಚಾ ವಿಚಾರ ಮಾಡಿ ಎರಡೂ ಮನೆಯ ಹೆಂಗಸರನ್ನು ಕಮಲಾಪುರದಲ್ಲಿ ಅವ್ವನ ತವರಿಗೆ ತಂದು ಬಿಟ್ಟರು. ಎರಡೂ ಮನೆ ಎಂದರೆ ಅವ್ವ, ನಾನು ಮತ್ತು ಚಾಚಾನ ಹೆಂಡತಿ, ನಮ್ಮ ಚಾಚಿ. ಮದುವೆಯಾಗಿ ಇನ್ನೂ ಮಕ್ಕಳಾಗದ ಚಾಚಿ ಪರದೆಯಲ್ಲಿ ಬೆಳೆದವಳು, ಅಪ್ಪನ ಎದುರಿಗೆ ಒಮ್ಮೆಯೂ ಬಂದವಳಲ್ಲ. ತವರಿನಲ್ಲಿದ್ದವಳು ಅವ್ವನ ತಾಯಿಯೊಬ್ಬಳೇ, ನಾವು ಆಯಿ ಎನ್ನುತ್ತಿದ್ದೆವು. ಆಯಿ ಮಡಿಯ ಹೆಣ್ಣುಮಗಳು. ಚಾಚಿಗೆಂದು ಹಿತ್ತಲಲ್ಲಿ ಬೇರೆ ಒಲೆ ಹೂಡಿಸಿದಳು. ಚಾಚಿ ಆ ಒಲೆಯಲ್ಲಿ ಮಾಡಿದ ಖಾರದ ವಾಸನೆಗೆ ನಾನು ಅಲ್ಲೇ ಠಾಣ್ಯ ಹೂಡಿದೆ, ಆಯಿ ಕಂಡೂ ಕಾಣದಂತಿದ್ದಳು.

ಗಂಡಸರಿಬ್ಬರೂ ಲಾರಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮನೆಯ ಗಂಜಿಯೂ ನಿಲ್ಲುತ್ತಿತ್ತು. ಬೆಳಕು ಹರಿಯುವ ಮೊದಲೇ ಊರಾಚೆಯ ತೋಟದಿಂದ ಬಾಳೆಕಾಯಿ ತುಂಬಿಕೊಂಡು ಕಲಬುರಗಿಗೆ ಹೋಗುವುದು, ಮರುದಿನ ಹಾಗೇ ಬರುವುದು. ದಾರಿ ನಮ್ಮ ಮನೆಯ ಮುಂದೆಯೇ. ಆದರೆ ಮನೆ ಮುಂದೆ ನಿಲ್ಲುತ್ತಿರಲಿಲ್ಲ, ಹಾರನ್ ಕೂಡ ಹೊಡೆಯುತ್ತಿರಲಿಲ್ಲ. ಲಾರಿ ನಿಂತರೆ ಒಳಗೆ ಯಾರಿದ್ದಾರೆಂದು ಊರಿಗೇ ತಿಳಿಯುತ್ತದೆಂಬ ಅಂಜಿಕೆ. ಒಳಗೆ ಅಗಳಿ ಹಾಕಿಕೊಂಡು ಕೂತ ನಮಗೆ ಗಾಡಿಯ ಸದ್ದು ಕೇಳಿಸುತ್ತಿತ್ತು; ಯಾರ ಗಾಡಿ ಎಂಬುದು ತಿಳಿಯುತ್ತಿರಲಿಲ್ಲ. ಆಗ ಆ ದಾರಿಯಲ್ಲಿ ಎಂಥೆಂಥವೋ ಗಾಡಿಗಳು ಓಡಾಡುತ್ತಿದ್ದವು. ಬೆಳಗಾದರೆ ಇಬ್ಬರೂ ಹೆಂಗಸರಿಗೆ ಇದ್ದದ್ದು ಒಂದೇ ಚಿಂತೆ. ಹೋದವರು ಜೀವಸಹಿತ ಬಂದರೋ ಇಲ್ಲವೋ.

ಗುರುತನ್ನು ಕಂಡುಹಿಡಿದವಳು ಅವ್ವ. ಬೆಳಗ್ಗೆ ಎದ್ದು ಅಂಗಳಕ್ಕೆ ಸೆಗಣಿ ನೀರು ಹೊಡೆಯಲು ಹೋದಾಗ ದಾರಿಯ ಹಸಿಮಣ್ಣಿನಲ್ಲಿ ಗಾಲಿಯ ಅಚ್ಚು ಬಿದ್ದಿತ್ತು. ಒಂದು ಸಾಲು ಬರೀ ಗಡ್ಡೆ. ಇನ್ನೊಂದು ಸಾಲಿನ ಗಡ್ಡೆಗಳ ಮೇಲೆ ಬಾಚಣಿಗೆ ಎಳೆದಂತೆ ಸಣ್ಣ ಗೆರೆಗಳು. ಅಪ್ಪನ ರಂಪಿಗೆಯ ಗೆರೆಗಳು. ಅವ್ವ ಕೊಡ ಕೆಳಗಿಟ್ಟು ಅಲ್ಲೇ ಕೂತಳು. ಎದ್ದು ಒಳಗೆ ಬಂದಾಗ ಅವಳ ಮುಖದಲ್ಲಿ ಜೀವ ಬಂದಿತ್ತು.

ಬಾಗಿಲಲ್ಲಿ ನಿಂತರೆ ಕಲಬುರಗಿ ನಮ್ಮ ಎಡಗೈಗೆ. ಲಾರಿ ಕಲಬುರಗಿಗೆ ಹೋದರೆ ಅದರ ಎಡಗಡೆಯ ಗಾಲಿಗಳು ನಮ್ಮ ಮನೆಯ ಬದಿಗೆ ಬರುತ್ತವೆ, ಅಲ್ಲಿಂದ ಬಂದರೆ ಎದುರಿನ ಹೊಲದ ಬದಿಗೆ. ಗೆರೆ ಮನೆಯ ಕಡೆಗಿದ್ದರೆ ಹೋಗಿದ್ದಾರೆ, ಹೊಲದ ಕಡೆಗಿದ್ದರೆ ಬಂದಿದ್ದಾರೆ. ನೋಡಿ, ಎರಡೂ ಕಡೆ ಕೊಯ್ದಿದ್ದರೆ ಲಾರಿ ನಮ್ಮದೆಂದು ತಿಳಿಯುತ್ತಿತ್ತು, ಹೋಯಿತೋ ಬಂತೋ ತಿಳಿಯುತ್ತಿರಲಿಲ್ಲ. ಕೊಯ್ಯದೇ ಬಿಟ್ಟಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಇಬ್ಬರು ಹಟಮಾರಿಗಳು ಸೇರಿ ಅರ್ಧಕ್ಕೆ ಬಿಟ್ಟ ಕೆಲಸ ನಮ್ಮ ಪಾಲಿಗೆ ದಿನದ ಸುದ್ದಿಯಾಯಿತು.

ಅವ್ವ ಆಮೇಲೆ ಸಂಜೆ ಹೊತ್ತೂ ದಾರಿಗೆ ನೀರು ಹೊಡೆಯತೊಡಗಿದಳು, ಮಣ್ಣು ಒಣಗಿದರೆ ಅಚ್ಚು ಏಳುವುದಿಲ್ಲವಲ್ಲ. “ಹೊತ್ತು ಮುಳುಗಿದ ಮ್ಯಾಲ ಯಾರರ ಅಂಗಳಕ್ಕ ನೀರು ಹೊಡಿತಾರೇನ?” ಎಂದು ಆಯಿ ಬೈಯುತ್ತಿದ್ದಳು. ಬೆಳಗ್ಗೆ ಅಚ್ಚು ನೋಡಿದೊಡನೆ ಅದರ ಮೇಲೆ ಮತ್ತೆ ಸೆಗಣಿ ನೀರು ಹೊಡೆದು ಅಳಿಸುವುದು. ನಮಗೆ ಓದಲು ಬಂದದ್ದು ಬೇರೆಯವರಿಗೂ ಬರಬಹುದು. ಉಳಿದ ಅಂಚನ್ನು ಕಾಲಿನಿಂದ ಉಜ್ಜುವ ಕೆಲಸ ನನ್ನದು, ಅದನ್ನು ನಾನು ಆಟವೆಂದೇ ತಿಳಿದಿದ್ದೆ. ಬಾಗಿಲ ಮರೆಯಲ್ಲಿ ನಿಂತ ಚಾಚಿ ದಿನಾ ಒಂದೇ ಮಾತು ಕೇಳುತ್ತಿದ್ದಳು, “ಲಕೀರಾಂ ದಿಖೇ ಕ್ಯಾ ಅಕ್ಕಾ?” ಗೆರೆ ಕಂಡವೇನಕ್ಕಾ ಎಂದು. “ಕಂಡಾವ ಬೀಬಿ, ಹೊಲದ ಕಡಿಗಿ ಅವ” ಎಂದರೆ ಅವತ್ತು ಹಿತ್ತಲ ಒಲೆ ಬೇಗ ಹೊತ್ತುತ್ತಿತ್ತು.

ಮಳೆಗಾಲದ ಕೊನೆಗೆ ಪೋಲೀಸ್ ಆ್ಯಕ್ಷನ್ ಆಯಿತು, ಭಾರತದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿಸಿತು. ಅದರ ಹಿಂದಿನ ದಿನ ಗೆರೆ ಮನೆಯ ಕಡೆಗಿತ್ತು. ಹೋಗಿದ್ದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ದಾರಿಯ ತುಂಬ ದಂಡಿನ ಲಾರಿಗಳು, ಒಂದರ ಹಿಂದೆ ಒಂದು. ಅವುಗಳ ಟೈರೂ ಅದೇ ಗಡ್ಡೆಯ ಟೈರು. ಅವ್ವ ಮಳೆಯಲ್ಲಿ ನೆನೆಯುತ್ತ, ಬಗ್ಗಿ, ಆ ಸಾವಿರ ಗಡ್ಡೆಗಳ ನಡುವೆ ಗೆರೆ ಹುಡುಕುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಲೂ ಅವಳು ಅಷ್ಟು ಕಣ್ಣಿಟ್ಟು ನೋಡಿದ್ದನ್ನು ನಾನು ಕಾಣೆ.

ನಮ್ಮ ಅಂಜಿಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಮನೆ ಬದಲಿಸಿತು. ಅಲ್ಲಿಯವರೆಗೆ ಚಾಚಾ ಪಕ್ಕದಲ್ಲಿದ್ದಾರೆಂದು ಅಪ್ಪ ದಾರಿಯಲ್ಲಿ ಉಳಿದಿದ್ದರು. ಈಗ ಅಪ್ಪ ಪಕ್ಕದಲ್ಲಿದ್ದರೆ ಮಾತ್ರ ಚಾಚಾ ಉಳಿಯಬೇಕಾದ ದಿನ ಬಂದಿತ್ತು. ಸುತ್ತಲಿನ ಊರುಗಳಲ್ಲಿ ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದಾರೆಂದು ಸುದ್ದಿ ಬರುತ್ತಿತ್ತು. ಚಾಚಿ ಊಟ ಬಿಟ್ಟಳು. ಒಂದು ಮಧ್ಯಾಹ್ನ ಆಯಿ ಹಿತ್ತಲಿಗೆ ಹೋಗಿ ಅವಳ ತಟ್ಟೆ ಎತ್ತಿಕೊಂಡು ಬಂದು ನಮ್ಮ ಒಲೆಯ ಮುಂದೆ ಇಟ್ಟಳು. “ಇಲ್ಲೇ ಉಣ್ಣವಾ. ಒಬ್ಬಾಕಿ ಕುಂತ್ರ ತುತ್ತು ಇಳಿಯಂಗಿಲ್ಲ” ಎಂದಳು. ಮತ್ತೆ ಆ ಹಿತ್ತಲ ಒಲೆ ಹಚ್ಚಲಿಲ್ಲ.

ಎಷ್ಟು ದಿನವಾಯಿತೋ ನನಗೆ ನೆನಪಿಲ್ಲ. ಒಂದು ಬೆಳಗ್ಗೆ ಅವ್ವ ಒಳಗೆ ಓಡಿ ಬಂದಳು, ಓಡುವ ಹೆಂಗಸಲ್ಲ ಅವಳು.

“ಬೀಬಿ, ಗೆರಿ ಅವ. ಹೊಲದ ಕಡಿಗಿ ಅವ. ಬಂದಾರ.”

ಬಂದವರು ತೋಟಕ್ಕೇ ಹೋಗಿರಬೇಕು. ಹೋಗಿ ನೋಡಬೇಕೆಂದರೆ ಚಾಚಿ ಬುರ್ಖಾದಲ್ಲಿ ಹೊರಬೀಳುವಂತಿರಲಿಲ್ಲ, ಮನೆಯಲ್ಲಿ ಉಳಿಯಲೂ ಒಲ್ಲಳು. ಅವ್ವ ಪೆಟ್ಟಿಗೆಯಿಂದ ತನ್ನ ಸೀರೆ ತೆಗೆದು ಉಡಿಸಿದಳು. ಆಯಿ ದೇವರ ಜಗುಲಿಯಿಂದ ವಿಭೂತಿ ತಂದು ಅವಳೆದುರಿಗೆ ನಿಂತು, “ಹಚ್ಲೇನವಾ?” ಎಂದು ಕೇಳಿದಳು. ಚಾಚಿ ತಲೆ ಬಗ್ಗಿಸಿದಳು.

ನಾವು ಮೂವರೂ ಅಚ್ಚು ಹಿಡಿದು ನಡೆದೆವು. ಅವ್ವ ಮುಂದೆ, ಚಾಚಿ ಅವಳ ಕೈ ಹಿಡಿದುಕೊಂಡು, ಹಿಂದೆ ಗೆರೆಗಳನ್ನು ಉಜ್ಜುತ್ತ ನಾನು. ಊರು ದಾಟಿದ ಮೇಲೆ ಗೆರೆ ದಾರಿ ಬಿಟ್ಟು ಬದುವಿನ ಮೇಲೆ ತಿರುಗಿತ್ತು. ಬಾಳೆಗಿಡಗಳ ನಡುವೆ ಲಾರಿ ನಿಂತಿತ್ತು. ಅಪ್ಪ ಒಂದು ಡಬ್ಬಿಯಲ್ಲಿ ಸಾಬೂನಿನ ನೀರು ಹಿಡಿದು ನಿಂತಿದ್ದರು. ಬಲಗಡೆಯ ಹಿಂದಿನ ಗಾಲಿಯ ಮುಂದೆ ಗಡ್ಡವಿಲ್ಲದ ಯಾರೋ ಒಬ್ಬರು ಮೊಣಕಾಲೂರಿ ಕೂತಿದ್ದರು. ಅವರು ತಿರುಗುವವರೆಗೆ ಅದು ಚಾಚಾ ಎಂದು ನನಗೆ ಗೊತ್ತಾಗಲಿಲ್ಲ, ಚಾಚಿಗೂ ಗೊತ್ತಾಗಲಿಲ್ಲ. ಸೀರೆಯುಟ್ಟ ಹೆಂಡತಿಯನ್ನು ಗುರುತಿಸಲು ಅವರಿಗೂ ಒಂದಿಷ್ಟು ಹೊತ್ತು ಹಿಡಿಯಿತು.

ಮಾತಾಡಿದವರು ಎಂದಿನಂತೆ ಅಪ್ಪನೇ. ಬ್ರಹ್ಮಪುರದ ಮನೆಯ ಒಳಕೋಣೆಯಲ್ಲಿ ಚಾಚಾನನ್ನು ಇಟ್ಟುಕೊಂಡಿದ್ದರಂತೆ, ಗಡ್ಡ ತೆಗೆದದ್ದೂ ಅಪ್ಪನ ಕೈಯೇ. ಹಿಂದಿನ ದಿನ ಹೊರಟು ಇಳಿಜಾರಿಗೆ ಬಂದಾಗ ಎದುರಿಗೆ ದಂಡಿನ ಲಾರಿಗಳು ಬಂದವು. ಅವು ದಾರಿಯ ತುಂಬ ಬಂದದ್ದರಿಂದ ಬಲಗಡೆಯ ಅಂಚಿಗೆ ಸರಿಯಬೇಕಾಯಿತು. ಮಳೆ. ಬಲಗಡೆಯ ಗಾಲಿ ಕಲ್ಲಿನ ಮೇಲಿಂದ ಜಾರಿ ಕೊರಕಲಿನ ಬಾಯಿಗೇ ಹೋಯಿತು. ಎಡಗಡೆ ಹಿಡಿದು ನಿಂತಿತು. ಅದೊಂದೇ ಹಿಡಿದು ನಿಂತಿತು.

“ಈಗ ತಾನs ಕೊಯ್ತೀನಂತಾನ. ಇಷ್ಟ್ ದಿನಕ್ಕ ಬುದ್ಧಿ ಬಂತು” ಎಂದರು ಅಪ್ಪ. ಅಣಕಿಸಲೆಂದೇ ಹೇಳಿದ್ದು, ಆದರೆ ಹೇಳುತ್ತಲೇ ಬಗ್ಗಿ ತಾವೇ ಗಡ್ಡೆಗೆ ಸಾಬೂನಿನ ನೀರು ಸವರಿದರು.

ಚಾಚಾ ಕಾದ ರಂಪಿಗೆಯನ್ನು ಗಡ್ಡೆಯ ಮೇಲೆ ಇಟ್ಟರು. ಅವ್ವ ಮುಂದೆ ಹೋಗಿ ಅವರ ಮುಂಗೈ ಹಿಡಿದಳು. ಪರಗಂಡಸಿನ ಕೈ ಅವಳು ಹಿಡಿದದ್ದು ಅದೊಂದೇ ಸಲ.

“ಬ್ಯಾಡ ಅಣ್ಣಾ. ಕೊಯ್ಯಬ್ಯಾಡ.”

“ಯಾಕ?” ಎಂದರು ಅಪ್ಪ. “ಜೀವ ಉಳಸೇದ ಅದು. ಎರಡೂ ಕಡಿ ಇದ್ರ ಒಳ್ಳೇದಲ್ಲೇನು?”

ಉತ್ತರ ಕೊಟ್ಟವಳು ಚಾಚಿ. ಅಪ್ಪನ ಎದುರಿಗೆ ಅವಳು ಬಾಯಿ ತೆರೆದದ್ದು ಅದೇ ಮೊದಲು. ಹರಕು ಕನ್ನಡದಲ್ಲಿ, ನೆಲ ನೋಡಿಕೊಂಡು ಹೇಳಿದಳು: “ಗೆರಿ ಮನಿ ಕಡಿ ಇದ್ರ ನೀವು ಹೋಗೀರಿ. ಹೊಲದ ಕಡಿ ಇದ್ರ ಬಂದೀರಿ. ನಾವು ದಿನಾ ಅದೇ ನೋಡಿ ನೀರು ಕುಡ್ದೀವಿ, ಭಾಯಿ. ಎರಡೂ ಕೊಯ್ದ್ರ ನಮಗ ಹ್ಯಾಂಗ ಗೊತ್ತಾಗ್ತದ?”

ಅಪ್ಪ ಒಮ್ಮೆ ಅವ್ವನ ಮುಖ ನೋಡಿದರು, ಒಮ್ಮೆ ಕೆಸರು ಮೆತ್ತಿದ ನನ್ನ ಕಾಲು ನೋಡಿದರು. ಕೈಯಲ್ಲಿದ್ದ ಸಾಬೂನಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದರು. ಚಾಚಾ ರಂಪಿಗೆಯನ್ನು ಒದ್ದೆ ಮಣ್ಣಿನಲ್ಲಿ ಚುಚ್ಚಿ ತಣ್ಣಗೆ ಮಾಡಿ ಅವ್ವನ ಕೈಗೆ ಕೊಟ್ಟರು.

ಊರು ಒಂದು ಹದಕ್ಕೆ ಬರುವವರೆಗೂ ಚಾಚಾ ಆ ತೋಟದ ಗುಡಿಸಲಲ್ಲೇ ಇದ್ದರು, ಅಪ್ಪ ಅವರ ಜೊತೆಗೇ ಇದ್ದರು. ಆಮೇಲೆ ಒಂದು ದಿನ ಲಾರಿ ಹಗಲು ಹೊತ್ತಿನಲ್ಲಿ ಬಂದು ನಮ್ಮ ಮನೆಯ ಮುಂದೆ ನಿಂತಿತು. ಚಾಚಾ ಹಾರನ್ ಹೊಡೆದರು. ಓಣಿಯವರೆಲ್ಲ ಹೊರಗೆ ಬಂದರು. ನಾನು ಓಡಿ ಹೋಗಿ, ರೂಢಿಯಂತೆ, ಲಾರಿಯ ಹಿಂದೆ ಬಿದ್ದಿದ್ದ ಗೆರೆಗಳನ್ನು ಕಾಲಿನಿಂದ ಉಜ್ಜತೊಡಗಿದೆ. ಅವ್ವ ಬಂದು ನನ್ನ ರಟ್ಟೆ ಹಿಡಿದಳು.

“ಬಿಡವಾ” ಎಂದಳು. “ಇವತ್ತು ಇರ್ಲಿ. ನೋಡವರು ನೋಡ್ಲಿ.”